ಸಿಗ್ನಲ್ಲಿನಲ್ಲಿ ಆಫ್ ಆಗುತ್ತಿದ್ದ ಗಾಡಿ

ಪೂರ್ತಿ ಉರಿಯದ ಪೆಟ್ರೋಲಿನ ಹೊಗೆಗೆ ಒಂದು ವಾಸನೆಯಿದೆ. ಕಣ್ಣು ಸ್ವಲ್ಪ ಚುರುಗುಟ್ಟುತ್ತದೆ, ಗಂಟಲಿಗೆ ಏನೋ ಸಿಹಿಸಿಹಿಯಾಗಿ ಅಂಟಿಕೊಂಡಂತಾಗುತ್ತದೆ. ಹೋದ ವಾರ ಮದ್ರಾಸಿನ ಟಿ. ನಗರದ ಒಂದು ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಹಳೆಯ ಕಾರೊಂದು ನಿಂತಿತ್ತು. ಅದರ ಇಂಜಿನ್ನು ಒಂದೇ ಸಮ ಓಡುತ್ತಿರಲಿಲ್ಲ. ಏರುವುದು, ಇಳಿಯುವುದು, ಇನ್ನೇನು ನಿಂತೇಹೋಯಿತು ಅನ್ನುವಾಗ ಮತ್ತೆ ಏರುವುದು. ಸೈಲೆನ್ಸರಿನಿಂದ ಅದೇ ವಾಸನೆ. ಹಸಿರು ದೀಪ ಬಂದದ್ದೂ ನನಗೆ ಗೊತ್ತಾಗಲಿಲ್ಲ. ಹಿಂದಿದ್ದ ಆಟೋದವನು ಹಾರ್ನ್ ಹೊಡೆದು ತಮಿಳಿನಲ್ಲಿ ಬೈದ ಮೇಲೆ ಸ್ಕೂಟರು ಮುಂದಕ್ಕೆ ತೆಗೆದೆ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು.

ನಾನು ಕಾರು ಮೆಕ್ಯಾನಿಕ್ಕು, ಹೆಸರು ಸುಧಾಕರ. ನಮ್ಮದು ಕುಂದಾಪುರದ ಕಡೆ. ಅಪ್ಪ ಟಿ. ನಗರದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ನಾನು ಹುಟ್ಟಿದ್ದು, ಶಾಲೆಗೆ ಹೋಗಿದ್ದು ಎಲ್ಲ ಮದ್ರಾಸಿನಲ್ಲೇ, ಓದಿದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಅಮ್ಮ, ಹೋಟೆಲಿಗೆ ಬರುತ್ತಿದ್ದ ವಾರಪತ್ರಿಕೆಗಳನ್ನು ಮುಂದಿಟ್ಟುಕೊಂಡು. ಅಪ್ಪನ ಕೆಲಸ ನನಗೆ ಬೇಡವಾಗಿತ್ತು. ವೆಸ್ಟ್ ಮಾಂಬಲಂನಲ್ಲಿ ರೈಲ್ವೆ ಹಳಿಯ ಪಕ್ಕದ ಗಲ್ಲಿಯಲ್ಲಿ ಸೆಲ್ವಂ ಅಣ್ಣನ ಶೆಡ್ಡಿದೆ. ಅಲ್ಲಿ ಕೆಲಸ ಕಲಿತೆ, ಅಲ್ಲೇ ಉಳಿದೆ. ಆಮೇಲಾಮೇಲೆ ಇಬ್ಬರೂ ಪಾಲುದಾರರಂತೆಯೇ ಆದೆವು. ಹೊಸ ಗಾಡಿಯವರೆಲ್ಲ ಕಂಪನಿಯ ಸರ್ವೀಸಿಗೆ ಹೋಗುತ್ತಾರೆ. ನಮಗೆ ಬರುವುದು ಹದಿನೈದು ವರ್ಷ ದಾಟಿದ ಗಾಡಿಗಳು.

ವಸಂತಮ್ಮನ ಕಾರು ಅಂಥದ್ದು. ಬ್ಯಾಂಕಿನಲ್ಲಿದ್ದಾಗ ಸಾಲ ತೆಗೆದು ಕೊಂಡಿದ್ದ ಬಿಳಿ ಬಣ್ಣದ ಸಣ್ಣ ಕಾರು. ಹದಿನೇಳು ವರ್ಷ ಅವರೊಬ್ಬರೇ ಓಡಿಸಿದ್ದರು. ಅವರದ್ದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆ. ನಾನು ಒಮ್ಮೆ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ನೀವು ಕನ್ನಡದವ್ರಾ? ಇಷ್ಟ್ ವರ್ಷ ನಿಮ್ಹತ್ರ ತಮಿಳಲ್ಲೇ ಮಾತಾಡ್ತಿದ್ನಲ್ಲಪ್ಪಾ!" ಎಂದು ನಕ್ಕಿದ್ದರು. ಅಲ್ಲಿಂದ ಕಾರನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಸೆಲ್ವಂ ಅಣ್ಣನಿಗೂ.

ಆ ವರ್ಷ ಆಯುಧಪೂಜೆ ಕಳೆದ ಮೂರನೆಯ ದಿನ ಅವರು ಬಂದರು. ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿ ಹೇಳಿದರು.

"ಸುಧಾಕರ್, ನನ್ನ ತಂಗಿ ಪದ್ಮಂಗೆ ಗಂಟ್ಲಲ್ಲಿ ಗಡ್ಡೆ. ಆಪರೇಷನ್ ಆಯ್ತು. ಸೋಮವಾರದಿಂದ ರೇಡಿಯೇಷನ್ ಕೊಡ್ತಾರೆ. ಮೂವತ್ತು ಸಿಟ್ಟಿಂಗು, ವಾರಕ್ಕೈದು. ವೇಲಚೇರಿ ದಾಟಿ ಹೋಗ್ಬೇಕು. ಒಂದ್ ದಿವ್ಸಾನೂ ತಪ್ಪಿಸ್ಬಾರ್ದು ಅಂತ ಡಾಕ್ಟ್ರು ಹತ್ಸಲ ಹೇಳಿದ್ದಾರೆ. ಗಾಡಿ ನಿಲ್ಬಾರ್ದು."

"ಈಗೇನಾದ್ರೂ ತೊಂದ್ರೆ ಇದ್ಯಾ ಅಮ್ಮ?"

"ಇಂಜಿನ್ ಲೈಟು ಹತ್ಕೊಂಡಿದೆ. ನಿಂತಾಗ ಒಂಚೂರು ನಡುಗುತ್ತೆ, ಅಷ್ಟೇ."

ಟ್ಯಾಕ್ಸಿಯಲ್ಲಿ ಹೋಗಬಾರದೇ ಎಂದು ಕೇಳಬೇಕೆನಿಸಿತು. ಅವರೇ ಹೇಳಿದರು. ಆಸ್ಪತ್ರೆಯಿಂದ ಬರುವಾಗ ಎರಡು ಸಲ ಪದ್ಮಮ್ಮನಿಗೆ ವಾಂತಿಯಾಗಿ, ಒಬ್ಬ ಡ್ರೈವರು ನಡುರಸ್ತೆಯಲ್ಲೇ ಇಳಿಸಿ ಹೋಗಿದ್ದನಂತೆ. "ನನ್ ಗಾಡೀಲಿ ಬಕೆಟ್ ಇಟ್ಕೊಂಡು ನೆಮ್ಮದಿಯಾಗಿ ಬರ್ತಾಳೆ," ಎಂದರು.

ಸ್ಕ್ಯಾನರು ಹಾಕಿ ನೋಡಿದೆ. ಆಕ್ಸಿಜನ್ ಸೆನ್ಸರ್ ಎಂದು ತೋರಿಸಿತು. ಇಂಥ ಹಳೆಯ ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ ಇಂಜಿನ್ನಿನಿಂದ ಹೊಗೆ ಹೊರಬರುವ ಬೀಡುಕಬ್ಬಿಣದ ಕೊಳವೆಗೆ, ಅಂದರೆ ಮ್ಯಾನಿಫೋಲ್ಡಿಗೆ, ಹೆಬ್ಬೆರಳು ಗಾತ್ರದ ಆ ಸೆನ್ಸರನ್ನು ತಿರುಗಿಸಿ ಕೂರಿಸಿರುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅದು ಮೂಸಿ ನೋಡಿ ಕಾರಿನ ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ಜಾಸ್ತಿ ಉಳಿದಿದ್ದರೆ ಪೆಟ್ರೋಲು ಸಾಲದು ಎಂದರ್ಥ. ಕಂಪ್ಯೂಟರು ಪೆಟ್ರೋಲು ಹೆಚ್ಚಿಸುತ್ತದೆ. ಕಡಿಮೆಯಿದ್ದರೆ ಇಳಿಸುತ್ತದೆ. ಹದಿನೇಳು ವರ್ಷ ಬೆಂಕಿಹೊಗೆಯಲ್ಲಿ ಕುಳಿತ ಸೆನ್ಸರು ಕೆಟ್ಟಿದ್ದರೆ ಆಶ್ಚರ್ಯವಿರಲಿಲ್ಲ. ನಿಜವಾಗಿಯೂ ಕೆಟ್ಟಿತ್ತು.

ಆದರೆ ಕಳಚಲು ಬರಲಿಲ್ಲ. ತುಕ್ಕು ಹಿಡಿದು ಕೊಳವೆಯ ಜೊತೆ ಒಂದಾಗಿಬಿಟ್ಟಿತ್ತು. ಎಣ್ಣೆ ಬಿಟ್ಟೆ. ಇಂಜಿನ್ನು ಬಿಸಿ ಮಾಡಿ ನೋಡಿದೆ. ಇನ್ನೊಮ್ಮೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದಿದ್ದರೆ ಬರುತ್ತಿತ್ತು. ಅವತ್ತು ಇನ್ನೆರಡು ಗಾಡಿಗಳು ಕಾಯುತ್ತಿದ್ದವು. ಸ್ಪಾನರಿನ ಹಿಡಿಗೆ ಎರಡಡಿ ಉದ್ದದ ಕಬ್ಬಿಣದ ಪೈಪು ತೂರಿಸಿ, ಕಾಲು ಊರಿ, ಮೈಭಾರವೆಲ್ಲ ಹಾಕಿ ಎಳೆದೆ. ಟಿಕ್ ಎಂದು ಒಂದು ಸದ್ದಾಯಿತು. ಆಮೇಲೆ ಸೆನ್ಸರು ಸಲೀಸಾಗಿ ತಿರುಗಿತು.

ತುಕ್ಕು ಬಿಟ್ಟ ಸದ್ದು ಎಂದುಕೊಂಡೆ. ಟಾರ್ಚು ಪಕ್ಕದಲ್ಲೇ ಇತ್ತು. ಕೈಗೆತ್ತಿಕೊಳ್ಳಲಿಲ್ಲ.

ಹೊಸ ಸೆನ್ಸರು ಕೂರಿಸಿ, ಕಂಪ್ಯೂಟರಿನ ಹಳೆಯ ನೆನಪು ಅಳಿಸಿ ಸ್ಟಾರ್ಟ್ ಮಾಡಿದೆ. ಲೈಟು ಆರಿತು. ಇಂಜಿನ್ನು ನಡುಗದೆ ಓಡಿತು. ವಸಂತಮ್ಮ, "ನಿಮ್ ಕೈಗುಣ ಚೆನ್ನಾಗಿದೆ," ಎಂದು ಹೇಳಿ ಹೋದರು.

ಸೋಮವಾರ, ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಸಂಜೆ ಫೋನು ಬಂತು. ಗಿಂಡಿ ಹತ್ತಿರ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಯಿತು, ಮತ್ತೆ ಸ್ಟಾರ್ಟ್ ಆಯಿತು, ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಆಫ್. ಓಡುವಾಗ ಏನೂ ಇಲ್ಲ. ಮನೆಯಿಂದ ಹೊರಟು ಕಾಲು ಗಂಟೆಯವರೆಗೂ ಏನೂ ಇಲ್ಲ. ಇಂಜಿನ್ನು ಬಿಸಿಯಾದ ಮೇಲೆ, ನಿಂತಾಗ ಮಾತ್ರ.

ಅಲ್ಲಿಂದ ಶುರುವಾಯಿತು. ಪೆಟ್ರೋಲಿನ ಜೊತೆ ಗಾಳಿ ಬಿಡುವ ಭಾಗ ಬಿಚ್ಚಿ ತೊಳೆದೆ. ಪ್ಲಗ್ಗುಗಳು ಮಸಿ ಹಿಡಿದು ಕಪ್ಪಾಗಿದ್ದವು, ಬದಲಿಸಿದೆ. ಗಾಡಿ ನಿಂತಾಗ ಇಂಜಿನ್ನಿಗೆ ಬೇಕಾದಷ್ಟು ಗಾಳಿ ಕೊಡುವ ಸಣ್ಣ ವಾಲ್ವು ಬದಲಿಸಿದೆ. ಪ್ರತಿಸಲವೂ ಕಂಪ್ಯೂಟರಿನ ನೆನಪು ಅಳಿಸುತ್ತಿದ್ದೆ. ಪ್ರತಿಸಲವೂ ಎರಡು ದಿನ ಸರಿಯಿರುತ್ತಿತ್ತು. ಮೂರನೆಯ ದಿನ ಮತ್ತೆ ಫೋನು. ಸ್ಕ್ಯಾನರು ಒಂದೇ ಮಾತು ಹೇಳುತ್ತಿತ್ತು: ಹೊಗೆಯಲ್ಲಿ ಆಮ್ಲಜನಕ ಜಾಸ್ತಿ, ಪೆಟ್ರೋಲು ಸಾಲದು. ಪ್ಲಗ್ಗು ನೋಡಿದರೆ ಪೆಟ್ರೋಲು ಜಾಸ್ತಿಯಾಗಿ ಮಸಿ. ಎರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ ಎಂದು ಯೋಚಿಸಬೇಕಿತ್ತು. ನಾನು ಹೊಸ ಸೆನ್ಸರೇ ಡೂಪ್ಲಿಕೇಟಿರಬೇಕು ಎಂದು ಅಂಗಡಿಯವನ ಮೇಲೆ ರೇಗಿದೆ. ಅವನು ಇನ್ನೊಂದು ಕೊಟ್ಟ. ಅದನ್ನೂ ಹಾಕಿದೆ. ಅದೂ ಅಷ್ಟೇ.

ಅಷ್ಟರಲ್ಲಿ ಮಳೆ ಹಿಡಿಯಿತು. ಮದ್ರಾಸಿಗೆ ಮಳೆ ಬರುವುದೇ ದೀಪಾವಳಿಯ ಹೊತ್ತಿಗೆ. ನಮ್ಮ ಗಲ್ಲಿಯ ಚರಂಡಿ ತುಂಬಿ ಶೆಡ್ಡಿನ ಹೊಸ್ತಿಲಿಗೆ ಬಂದಿತ್ತು. ಮಧ್ಯಾಹ್ನ ಎರಡೂವರೆ ಆಯಿತೆಂದರೆ ನನ್ನ ಕಣ್ಣು ಫೋನಿನ ಮೇಲೆಯೇ. ಅವರು ಮನೆ ಬಿಡುವ ಹೊತ್ತು ಅದು. ನಾಲ್ಕಕ್ಕೆ ಸಿಟ್ಟಿಂಗು. ನಾಲ್ಕರವರೆಗೆ ಫೋನು ಬರದಿದ್ದರೆ ಆ ದಿನ ಗೆದ್ದಂತೆ. ಗಾಡಿ ಬಿಟ್ಟು ಹೋಗಿ, ಪೂರ್ತಿ ಬಿಚ್ಚಿ ನೋಡುತ್ತೇನೆ ಎಂದರೆ, "ಬಿಟ್ ಹೋದ್ರೆ ಪದ್ಮನ್ನ ಹೇಗೆ ಕರ್ಕೊಂಡ್ ಹೋಗ್ಲಿ ಸುಧಾಕರ್? ಶನಿವಾರ ನೋಡಿ," ಎನ್ನುತ್ತಿದ್ದರು. ಒಂದು ಕಾಲಿನಿಂದ ಬ್ರೇಕು ಒತ್ತಿ ಇನ್ನೊಂದರಿಂದ ಆಕ್ಸಿಲರೇಟರು ಒತ್ತಿಕೊಂಡು ಸಿಗ್ನಲ್ಲಿನಲ್ಲಿ ನಿಲ್ಲುವುದನ್ನು ಕಲಿತುಕೊಂಡಿದ್ದರು. ಅರವತ್ತೆರಡು ವರ್ಷದವರು. ಆ ಉಪಾಯ ಹೇಳಿಕೊಟ್ಟವನು ನಾನೇ.

ನಾಲ್ಕನೆಯ ವಾರದ ಬುಧವಾರ. ಹದಿನೆಂಟನೆಯ ಸಿಟ್ಟಿಂಗಿನ ದಿನ. ಬೆಳಿಗ್ಗೆಯಿಂದ ಬಿಟ್ಟೂಬಿಡದೆ ಸುರಿದ ಮಳೆ ಮಧ್ಯಾಹ್ನ ಸ್ವಲ್ಪ ನಿಂತಿತ್ತು. ಎರಡೂ ಮುಕ್ಕಾಲಿಗೆ ಫೋನು.

"ಸಬ್‌ವೇಲಿ ನಿಂತ್ಬಿಡ್ತು. ಸ್ಟಾರ್ಟೇ ಆಗ್ತಿಲ್ಲ. ನೀರು ಬರ್ತಿದೆ."

ರೈಲ್ವೆ ಹಳಿಯ ಕೆಳಗೆ ಹಾದು ಟಿ. ನಗರದ ಕಡೆ ಏಳುವ ಸಬ್‌ವೇ. ಮಳೆ ಬಂದರೆ ಮೊದಲು ತುಂಬುವ ಜಾಗ. ಪೊಲೀಸರು ಇನ್ನೂ ದಾರಿಗೆ ಅಡ್ಡ ಹಗ್ಗ ಕಟ್ಟಿರಲಿಲ್ಲ. ನಾನು ಶೆಡ್ಡಿನಿಂದ ಓಡಿದೆ. ಸೆಲ್ವಂ ಅಣ್ಣ ಹಿಂದಿನಿಂದ ಏನೋ ಕೂಗಿದರು, ಕೇಳಿಸಲಿಲ್ಲ. ಮಳೆ ಮತ್ತೆ ಶುರುವಾಗಿತ್ತು.

ಇಳಿಜಾರಿನ ಮೇಲಿಂದ ನೋಡಿದೆ. ಸಬ್‌ವೇಯ ನಡುಮಧ್ಯದಲ್ಲಿ, ಅತ್ಯಂತ ತಗ್ಗಾದ ಕಡೆ, ಬಿಳಿ ಕಾರು. ಹಿಂದೆ ಬಸ್ಸು, ಅದರ ಹಿಂದೆ ಸಾಲು ಗಾಡಿಗಳು, ಒಂದೇ ಸಮನೆ ಹಾರ್ನು. ಎರಡೂ ಬದಿಯ ಇಳಿಜಾರಿನಿಂದ ನೀರು ಕೆಸರು ಹೊತ್ತು ಇಳಿಯುತ್ತಿತ್ತು. ನಾನು ತಲುಪುವ ಹೊತ್ತಿಗೆ ಚಕ್ರದ ನಡುಭಾಗ ಮುಳುಗಿತ್ತು. ವಸಂತಮ್ಮ ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು ಕೂತಿದ್ದರು. ಕೀ ತಿರುಗಿಸುವುದು, ಇಂಜಿನ್ನು ಒಂದು ಉಸಿರು ಹಿಡಿಯುವುದು, ಆರಿಹೋಗುವುದು. ಆ ವಾಸನೆ ಸಬ್‌ವೇಯ ತುಂಬ ಕಟ್ಟಿಕೊಂಡು ನಿಂತಿತ್ತು.

"ಸ್ಟಾರ್ಟ್ ಮಾಡ್ಬೇಡಿ ಅಮ್ಮ. ನ್ಯೂಟ್ರಲ್ ಹಾಕಿ. ನಾನು ತಳ್ತೀನಿ. ಅವರನ್ನ ಇಳಿಸಿ."

ಪದ್ಮಮ್ಮ ಆಗಲೇ ಬಾಗಿಲು ತೆಗೆದಿದ್ದರು. ಅವರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು, ಆಪರೇಷನ್ ಆದ ಮೇಲೆ ದನಿಯೇ ಹೊರಡುತ್ತಿರಲಿಲ್ಲ. ಹೇಳಬೇಕಾದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಕತ್ತಿನ ಒಂದು ಬದಿ ಸುಟ್ಟಂತೆ ಕಪ್ಪಾಗಿತ್ತು. ಹಿಡಿದುಕೊಳ್ಳಲು ಹೋದ ನನಗೆ ಕಾರಿನ ಕಡೆ ಕೈ ತೋರಿಸಿ, ಗೋಡೆಯ ಪಕ್ಕದ ಕಂಬಿ ಹಿಡಿದು ಒಬ್ಬರೇ ನಡೆಯತೊಡಗಿದರು. ಮೊಣಕಾಲವರೆಗೆ ಆ ಕೊಳೆನೀರು. ನೋಟುಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಒಂದು ಕಡೆ ಎಡವಿ ಸೊಂಟದವರೆಗೆ ಮುಳುಗಿ ಎದ್ದರು. ವಸಂತಮ್ಮ ಕಾರಿನೊಳಗಿಂದ, "ಪದ್ಮಾ! ಪದ್ಮಾ!" ಎಂದು ಕೂಗುತ್ತಿದ್ದರು. ಪದ್ಮಮ್ಮ ತಿರುಗಿ ಉತ್ತರ ಕೊಡುವಂತಿರಲಿಲ್ಲ.

ಇಬ್ಬರು ಆಟೋದವರು ಇಳಿದು ಬಂದರು. ಬಸ್ಸಿನ ಕಂಡಕ್ಟರೂ ಬಂದ. ನಾಲ್ವರು ಸೇರಿ ಕಾರನ್ನು ಟಿ. ನಗರದ ಕಡೆಯ ಏರಿಗೆ ತಳ್ಳಿದೆವು. ನನ್ನ ಚಪ್ಪಲಿ ಹೋಯಿತು, ಕಾಲಿಗೆ ಗಾಜು ಚುಚ್ಚಿತು. ಮೇಲೆ ಬಂದು ತಿರುಗಿ ನೋಡಿದರೆ ಕಾರು ನಿಂತಿದ್ದ ಜಾಗದಲ್ಲಿ ನೀರು ತೊಡೆಯೆತ್ತರ ಬಂದಿತ್ತು.

ಅಕ್ಕತಂಗಿ ಆಟೋ ಹಿಡಿದು ಆಸ್ಪತ್ರೆಗೆ ಹೋದರಂತೆ. ಹೊತ್ತು ಮೀರಿತ್ತು. ಆ ದಿನದ ಸಿಟ್ಟಿಂಗು ತಪ್ಪಿತು. ರಾತ್ರಿಯಿಂದ ಪದ್ಮಮ್ಮನಿಗೆ ಜ್ವರ. ಗುರುವಾರ, ಶುಕ್ರವಾರ, ಮುಂದಿನ ಸೋಮವಾರ, ಮಂಗಳವಾರ: ಒಟ್ಟು ಐದು ದಿನ ತಪ್ಪಿತು. ಹೀಗೆ ನಡುವೆ ಬಿಟ್ಟರೆ ಚಿಕಿತ್ಸೆಯ ಶಕ್ತಿ ಕುಂದುತ್ತದೆ ಎಂದು ಡಾಕ್ಟರು ಬೈದರು ಎಂದು ವಸಂತಮ್ಮ ಫೋನಿನಲ್ಲಿ ಹೇಳಿದರು. ನನ್ನನ್ನು ಏನೂ ಅನ್ನಲಿಲ್ಲ. "ನಿಮ್ಮಿಂದ ಅವತ್ತು ಬಚಾವಾದ್ವಿ," ಎಂದರು. ಆ ಮಾತು ಬೈಗುಳಕ್ಕಿಂತ ಕಷ್ಟವಾಯಿತು.

ಬುಧವಾರ ಮತ್ತೆ ಶುರುವಾದಾಗ ಸೆಲ್ವಂ ಅಣ್ಣನ ಕಾರಿನಲ್ಲಿ ನಾನೇ ಕರೆದುಕೊಂಡು ಹೋದೆ. ವಸಂತಮ್ಮನ ಕಾರು ಶೆಡ್ಡಿನಲ್ಲಿ ಬಿಚ್ಚಿ ಬಿದ್ದಿತ್ತು. ನೀರು ಹೊಕ್ಕ ವೈರುಗಳನ್ನೆಲ್ಲ ಒಣಗಿಸಿ ನೋಡುತ್ತಿದ್ದೆ. ಎಲ್ಲ ನೋಡಿದೆ. ನೋಡಬೇಕಾದ ಒಂದು ಜಾಗ ಬಿಟ್ಟು.

ಶುಕ್ರವಾರ ಆಸ್ಪತ್ರೆಯಲ್ಲಿ ಸಿಟ್ಟಿಂಗು ಮುಗಿದು ವಸಂತಮ್ಮ ಯಾವುದೋ ಚೀಟಿಗೆ ಸೀಲು ಹಾಕಿಸಲು ಹೋಗಿದ್ದರು. ಕಾರಿಡಾರಿನ ಬೆಂಚಿನಲ್ಲಿ ಪದ್ಮಮ್ಮ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ನಾನು. ಅವರು ನೋಟುಪುಸ್ತಕ ತೆಗೆದು ಬಹಳ ಹೊತ್ತು ಬರೆದು ನನ್ನ ಕಡೆ ಸರಿಸಿದರು. ದುಂಡಗಿನ ಕನ್ನಡ ಅಕ್ಷರ.

'ಮನೆಯಿಂದ ಹೊರಡುವಾಗ ಪಾರ್ಕಿಂಗಿನಲ್ಲಿ ಸ್ಟಾರ್ಟ್ ಮಾಡಿದರೆ ಟಿಸ್ ಟಿಸ್ ಅಂತ ಸಣ್ಣ ಸದ್ದು ಬರುತ್ತೆ. ಐದು ನಿಮಿಷಕ್ಕೆ ಅಡಗುತ್ತೆ. ಅಕ್ಕನಿಗೆ ಕೇಳಿಸಲ್ಲ. ನೀವು ಸೆನ್ಸರ್ ಹಾಕಿದ ಮಾರನೇ ದಿನದಿಂದ ಇದೆ. ಅದಕ್ಕೆ ಮೊದಲು ಇರಲಿಲ್ಲ.'

ನಾನು ಆ ಸದ್ದು ಒಮ್ಮೆಯೂ ಕೇಳಿರಲಿಲ್ಲ. ಕಾರು ನನ್ನ ಹತ್ತಿರ ಬರುತ್ತಿದ್ದುದೇ ಬಿಸಿಯಾಗಿ. ಶೆಡ್ಡಿನ ಪಕ್ಕದಲ್ಲಿ ಐದು ನಿಮಿಷಕ್ಕೊಂದು ರೈಲು. ಮೂವತ್ತು ವರ್ಷ ಕಿವಿಗೆ ಫೋನು ಕಟ್ಟಿಕೊಂಡು ಊರೂರಿನ ದನಿ ಕೇಳಿದವರಿಗೆ ಅದು ಕೇಳಿಸಿತ್ತು.

ಅವರು ಪುಸ್ತಕ ಹಿಂದಕ್ಕೆ ಎಳೆದುಕೊಂಡು ಕೆಳಗೆ ಒಂದು ಸಾಲು ಬರೆದರು.

'ಆ ದಿನ ಏನಾಯಿತು?'

"ಏನೂ ಆಗ್ಲಿಲ್ಲ ಅಮ್ಮ," ಎಂದೆ. "ಹಳೇ ಗಾಡಿ. ಹಾಗೆಲ್ಲ ಸದ್ದು ಇರುತ್ತೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

ವಾಪಸು ಬಂದವನೇ ಕಾರಿನ ಬಾನೆಟ್ಟು ಎತ್ತಿದೆ. ಮ್ಯಾನಿಫೋಲ್ಡಿನ ಮೇಲೆ ಬಿಸಿ ತಡೆಯಲೆಂದು ಒಂದು ತಗಡಿನ ಮುಚ್ಚಳವಿರುತ್ತದೆ. ಅದನ್ನು ಪೂರ್ತಿ ಬಿಚ್ಚಿದೆ. ಬ್ರಷ್ಷಿನಲ್ಲಿ ಸೋಪಿನ ನೀರು ಬಳಿದೆ. ಸೆಲ್ವಂ ಅಣ್ಣ ತಣ್ಣಗಿದ್ದ ಇಂಜಿನ್ನು ಸ್ಟಾರ್ಟ್ ಮಾಡಿ, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಬಟ್ಟೆ ಒತ್ತಿ ಹಿಡಿದರು. ಸೆನ್ಸರು ಕೂರುವ ತೂತಿನ ಬುಡದಿಂದ ಎರಡು ಬೆರಳಿನಗಲ, ಕೂದಲೆಳೆಯಂಥ ಒಂದು ಗೆರೆಯುದ್ದಕ್ಕೂ ಸೋಪಿನ ಗುಳ್ಳೆಗಳು ಎದ್ದವು.

ಎಲ್ಲ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಗಾಡಿ ನಿಂತಾಗ ಇಂಜಿನ್ನು ಮೆಲ್ಲಗೆ ಓಡುತ್ತದೆ. ಹೊಗೆಯ ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವಿನ ಸಂದಿಯಲ್ಲಿ ಆ ಬಿರುಕು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಸೆನ್ಸರು ಆ ಗಾಳಿಯನ್ನು ಮೂಸಿ, ಆಮ್ಲಜನಕ ಜಾಸ್ತಿಯಿದೆ ಎನ್ನುತ್ತಿತ್ತು. ಅದು ಸುಳ್ಳಲ್ಲ. ಬಿಸಿಗೆ ಕಬ್ಬಿಣ ಹಿಗ್ಗಿ ಸದ್ದು ಅಡಗಿದರೂ ಬಿರುಕು ಪೂರ್ತಿ ಮುಚ್ಚುತ್ತಿರಲಿಲ್ಲ, ಕಂಪ್ಯೂಟರು ಸೆನ್ಸರಿನ ಮಾತು ಕೇಳುವುದೇ ಇಂಜಿನ್ನು ಬಿಸಿಯಾದ ಮೇಲೆ. ಅದನ್ನು ನಂಬಿ ಪೆಟ್ರೋಲು ಹೆಚ್ಚಿಸುತ್ತಿತ್ತು. ಹೆಚ್ಚಿಸಿ ಹೆಚ್ಚಿಸಿ ಇಂಜಿನ್ನು ಕಟ್ಟಿಹೋಗುತ್ತಿತ್ತು. ನಾನು ನೆನಪು ಅಳಿಸಿದಾಗಲೆಲ್ಲ ಅದು ಹೊಸದಾಗಿ ಅದೇ ತಪ್ಪು ಕಲಿಯಲು ಎರಡು ದಿನ ಬೇಕಾಗುತ್ತಿತ್ತು, ಅಷ್ಟೇ. ಕೆಟ್ಟ ಸೆನ್ಸರಿನಿಂದ ಬರೀ ನಡುಗುತ್ತಿದ್ದ ಗಾಡಿಯನ್ನು ನಿಲ್ಲುವ ಗಾಡಿ ಮಾಡಿದ್ದು ನಾನು. ಆ ಟಿಕ್ ತುಕ್ಕಿನ ಸದ್ದಾಗಿರಲಿಲ್ಲ. ಅವತ್ತೇ ನನಗೆ ಒಳಗೊಳಗೆ ಗೊತ್ತಿತ್ತೇನೋ. ಇಲ್ಲದಿದ್ದರೆ ಟಾರ್ಚು ಯಾಕೆ ಎತ್ತಿಕೊಳ್ಳಲಿಲ್ಲ?

ಸೆಲ್ವಂ ಅಣ್ಣ ಬಗ್ಗಿ ನೋಡಿದರು. ಅವರಿಗೆ ಹೇಳಬೇಕಾಗಲಿಲ್ಲ. ಗೋಡೆಗೆ ಒರಗಿಸಿದ್ದ ಪೈಪಿನ ಕಡೆ ಒಮ್ಮೆ ನೋಡಿದರು.

"ಹೇಳ್ಬೇಡ, ತಂಬಿ," ಎಂದರು ತಮಿಳಿನಲ್ಲಿ. "ಸುಮ್ಮನೆ ಹೇಳ್ತಿಲ್ಲ. ಇನ್ನೂ ಹತ್ತು ಸಿಟ್ಟಿಂಗಿದೆ. ಈಗ ಹೇಳಿದ್ರೆ ಆ ಅಮ್ಮನಿಗೆ ಈ ಗಾಡೀನ ನಂಬೋಕೂ ಆಗಲ್ಲ, ಬಿಡೋಕೂ ಆಗಲ್ಲ. ನಿನ್ನ ಮನಸ್ಸು ಹಗುರಾಗುತ್ತೆ. ಅವರಿಗೇನು ಸಿಗುತ್ತೆ? ಹಳೇ ಕಬ್ಬಿಣ, ಸೀಳು ಬಿಡ್ತು ಅನ್ನು. ಅದೂ ಪೂರ್ತಿ ಸುಳ್ಳಲ್ಲ."

ಶನಿವಾರ ಪುದುಪೇಟೆಯ ಹಳೆ ಸಾಮಾನಿನ ಗಲ್ಲಿಗಳಲ್ಲಿ ನೆನೆಯುತ್ತಾ ಅಲೆದು, ಅದೇ ಮಾದರಿಯ ಒಂದು ಮ್ಯಾನಿಫೋಲ್ಡು ಹುಡುಕಿ ತಂದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಾಕಿ ಮುಗಿಸಿದೆ. ಎಸಿ ಹಾಕಿ, ಲೈಟು ಹಾಕಿ, ನಿಂತಲ್ಲೇ ಒಂದೂವರೆ ಗಂಟೆ ಇಂಜಿನ್ನು ಓಡಿಸಿದೆ. ಇಂಜಿನ್ನಿನ ವೇಗ ತೋರಿಸುವ ಮುಳ್ಳು ಇದ್ದಲ್ಲಿಂದ ಅಲುಗಲಿಲ್ಲ. ಸಂಜೆ ಕಾರು ತೆಗೆದುಕೊಂಡು ಅವರ ಫ್ಲಾಟಿಗೆ ಹೋದೆ. ಹಳೆಯ ಮ್ಯಾನಿಫೋಲ್ಡನ್ನು ಗೋಣಿಯಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೆ. ಹೇಳುವುದೋ ಬಿಡುವುದೋ ಎಂದು ಅವರ ಗೇಟಿನವರೆಗೂ ತೀರ್ಮಾನವಾಗಿರಲಿಲ್ಲ.

ವಸಂತಮ್ಮ ಕೆಳಗಿಳಿದು ಬಂದರು. ಹಿಂದೆ ಪದ್ಮಮ್ಮ ಮೆಟ್ಟಿಲಿನ ಮೇಲೆ ಕಂಬಿ ಹಿಡಿದು ನಿಂತರು. ಅವರನ್ನು ನೋಡಿದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗೋಣಿ ಬಿಚ್ಚಿ, ಬಿರುಕು ತೋರಿಸಿ ಎಲ್ಲ ಹೇಳಿದೆ. ಪೈಪು ಹಾಕಿ ಎಳೆದದ್ದು, ಸದ್ದಾದದ್ದು, ನೋಡದೆ ಬಿಟ್ಟದ್ದು. ಆಸ್ಪತ್ರೆಯಲ್ಲಿ ಪದ್ಮಮ್ಮ ಕೇಳಿದಾಗ ಸುಳ್ಳು ಹೇಳಿದ್ದು.

ವಸಂತಮ್ಮ ಆ ಕಬ್ಬಿಣವನ್ನೇ ನೋಡುತ್ತ ನಿಂತರು. ಸಿಟ್ಟು ಬಂದರೆ ಅವರಿಗೆ ತಮಿಳೇ ಬರುತ್ತಿತ್ತು. "ಎನ್ನ ಕಾರಿಯಂ ಪಣ್ಣಿಟ್ಟೀಂಗ!" ಎಂದರು. ಎಂಥ ಕೆಲಸ ಮಾಡಿಬಿಟ್ಟಿರಿ. ಆಮೇಲೆ ಕನ್ನಡಕ್ಕೆ ಬಂದಾಗ ದನಿ ಇಳಿದಿತ್ತು. ಅದರಿಂದ ಇನ್ನೂ ಭಯವಾಯಿತು.

"ಅವತ್ತು ಸಬ್‌ವೇಲಿ ನಾನು ನಿಮ್ಗೆ ಫೋನ್ ಮಾಡ್ದೆ. ಬೇರೆ ಯಾರಿಗೂ ಮಾಡ್ಬೇಕು ಅಂತ ತೋಚ್ಲೇ ಇಲ್ಲ. ಅವ್ಳು ಆ ನೀರಲ್ಲಿ ಬಿದ್ದೆದ್ದು ನಡೆದ್ಲಲ್ಲ, ಐದು ಸಿಟ್ಟಿಂಗು ಹೋಯ್ತಲ್ಲ, ಅದಕ್ಕೇನು ಮಾಡ್ತೀರಿ? ಅದನ್ನ ಪುದುಪೇಟೇಲಿ ಕೊಡ್ತಾರಾ?"

ಉಳಿದ ಹತ್ತು ದಿನವೂ ಸೆಲ್ವಂ ಅಣ್ಣನ ಕಾರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

"ಬೇಡ. ನನ್ ಗಾಡೀಲೇ ಹೋಗ್ತೀವಿ. ನಾನೇ ಓಡಿಸ್ತೀನಿ. ನೀವು ಹತ್ತು ದಿವ್ಸಾನೂ ಹಿಂದಿನ ಸೀಟಲ್ಲಿ ಕೂತ್ಕೊಂಡ್ ಬರ್ಬೇಕು. ನಿಂತ್ರೆ ನೀವೇ ಇಳಿದು ತಳ್ಬೇಕು. ಎರಡೂವರೆಗೆ ಇಲ್ಲಿರಿ."

ಮೆಟ್ಟಿಲಿನ ಮೇಲೆ ಪದ್ಮಮ್ಮ ಅಲುಗದೆ ನಿಂತಿದ್ದರು.

ಸೋಮವಾರ ಎರಡೂವರೆಗೆ ಹೋದೆ. ಹಿಂದಿನ ಸೀಟಿನಲ್ಲಿ ಬಕೆಟ್ಟು, ಮಡಚಿದ ಟವೆಲು, ನೀರಿನ ಬಾಟಲಿ, ಅವುಗಳ ಪಕ್ಕ ನಾನು. ಇಪ್ಪತ್ತು ವರ್ಷ ಇಂಜಿನ್ನಿನ ಸದ್ದು ಕೇಳಿದ್ದೇನೆ. ಆದರೆ ಹಾಗೆ ಎಂದೂ ಕೇಳಿರಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ವಸಂತಮ್ಮನ ಬಲಗಾಲು ಇನ್ನೂ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿಯೇ ಇರುತ್ತಿತ್ತು. ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕಾಲು ತೆಗೆಯಿರಿ, ಈಗ ಬೇಕಾಗಿಲ್ಲ ಎಂದು ಹೇಳುವ ಹಕ್ಕು ನನಗಿರಲಿಲ್ಲ. ಕೆಂಪು ದೀಪದ ಅಂಕಿ ಇಳಿಯುವವರೆಗೆ ನನ್ನ ಕೈ ಬಾಗಿಲ ಹಿಡಿಯ ಮೇಲಿರುತ್ತಿತ್ತು. ಸಬ್‌ವೇಯಲ್ಲಿ ಇಳಿಯುವಾಗ ಮೂವರೂ ಉಸಿರು ಹಿಡಿದಿರುತ್ತಿದ್ದೆವು.

ಬುಧವಾರ ವಾಪಸು ಬರುವಾಗ ಪದ್ಮಮ್ಮನಿಗೆ ವಾಂತಿಯಾಯಿತು. ನಾನು ಮುಂದಕ್ಕೆ ಬಗ್ಗಿ ಬಕೆಟ್ಟು ಹಿಡಿದೆ. ಅವರು ಟವೆಲಿನಲ್ಲಿ ಬಾಯಿ ಒರೆಸಿಕೊಂಡು, ಬಕೆಟ್ಟು ಹಿಡಿದಿದ್ದ ನನ್ನ ಕೈಯನ್ನು ಒಂದು ಸಲ ತಟ್ಟಿದರು. ವಸಂತಮ್ಮ ಕನ್ನಡಿಯಲ್ಲಿ ನೋಡಿದರು.

ಎರಡನೆಯ ವಾರದ ಮಂಗಳವಾರ ವಸಂತಮ್ಮ ಮೊದಲ ಸಲ ನನ್ನ ಹತ್ತಿರ ಮಾತಾಡಿದರು. "ಹಾರ್ನ್ ಸದ್ದು ಕಮ್ಮಿ ಆಗಿದೆ. ಶನಿವಾರ ನೋಡಿ." ಅಷ್ಟೇ. ಆ ದಿನ ಶೆಡ್ಡಿಗೆ ಬಂದು ಸೆಲ್ವಂ ಅಣ್ಣನಿಗೆ ಹೇಳಿದೆ. ಅವರು ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ, "ಹಾರ್ನ್ ನೋಡೋಕೆ ಹೇಳಿದ್ರಾ?" ಎಂದು ಎರಡು ಸಲ ಕೇಳಿದರು.

ಪದ್ಮಮ್ಮನಿಗೆ ಆಮೇಲೆ, ಬೇಸಿಗೆಯ ಹೊತ್ತಿಗೆ, ದನಿ ಬಂತು. ಮೊದಲಿನದ್ದಲ್ಲ, ಒಡಕು ದನಿ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ, ಇಲ್ಲಿಯವರೆಗೆ ತೊಂದರೆಯಿಲ್ಲ. ತಪ್ಪಿದ ಆ ಐದು ದಿನದಿಂದ ಏನಾದರೂ ಆಗಬಹುದಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಆಗಿಲ್ಲ. ಆ ಪೈಪನ್ನು ನಾನು ಮತ್ತೆ ಮುಟ್ಟಿಲ್ಲ. ತುಕ್ಕು ಹಿಡಿದದ್ದು ಬರದಿದ್ದರೆ ಎಣ್ಣೆ ಬಿಟ್ಟು ನಾಳೆ ಬನ್ನಿ ಎನ್ನುತ್ತೇನೆ. ಗಿರಾಕಿಗಳು ಗೊಣಗುತ್ತಾರೆ.

ಆದರೆ ಆ ಮಳೆಗಾಲ ಎಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಣ್ಣ ಮುಂದೆ ಬರುವುದು ಕಡೆಯ ಶುಕ್ರವಾರ. ಮೂವತ್ತನೆಯ ಸಿಟ್ಟಿಂಗು ಮುಗಿಸಿ ಬರುತ್ತಿದ್ದೆವು. ಮಳೆ ಬಿಟ್ಟು ರಸ್ತೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ವೇಲಚೇರಿಯ ದೊಡ್ಡ ಸಿಗ್ನಲ್ಲು, ನೂರಿಪ್ಪತ್ತು ಸೆಕೆಂಡಿನದು, ನಾವು ಹತ್ತಿರ ಬರುವಾಗಲೇ ಕೆಂಪಾಯಿತು. ಎಲ್ಲರಿಗಿಂತ ಮುಂದೆ ನಮ್ಮ ಕಾರು. 

ಇಂಜಿನ್ನು ಆಫ್ ಆಯಿತು.

ಸದ್ದೇ ಇಲ್ಲ. ಬಾಗಿಲು ತೆಗೆದು ಒಂದು ಕಾಲು ರಸ್ತೆಗೆ ಇಟ್ಟೂಬಿಟ್ಟೆ. ಪಕ್ಕದ ಬೈಕಿನವನು ಬೆಚ್ಚಿ ಬ್ರೇಕು ಹಿಡಿದ.

"ಎಲ್ಲಿಗ್ ಹೊರಟ್ರಿ?" ಎಂದರು ವಸಂತಮ್ಮ. ತಿರುಗಿ ನೋಡದೆಯೇ ಕೈ ಎತ್ತಿ ತೋರಿಸಿದರು. ಕೀ ಅವರ ಬೆರಳಲ್ಲಿತ್ತು. "ಇಷ್ಟುದ್ದದ ಸಿಗ್ನಲ್ಲಿಗೆ ಸುಮ್ನೆ ಯಾಕೆ ಪೆಟ್ರೋಲ್ ಸುಡ್ಬೇಕು? ನಾನೇ ಆಫ್ ಮಾಡ್ದೆ."

ಮುಂದಿನ ಸೀಟಿನಲ್ಲಿ ಪದ್ಮಮ್ಮನ ಭುಜ ಕುಲುಕತೊಡಗಿತು. ಏನಾಯಿತೋ ಎಂದು ಗಾಬರಿಯಾಗಿ ಬಗ್ಗಿ ನೋಡಿದೆ. ನಗುತ್ತಿದ್ದರು. ದನಿಯೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಅಂಕಿ ಐದಕ್ಕೆ ಬಂದಾಗ ವಸಂತಮ್ಮ ಕೀ ಸಿಕ್ಕಿಸಿ ತಿರುಗಿಸಿದರು. ಒಂದೇ ತಿರುವಿಗೆ ಹಿಡಿದುಕೊಂಡಿತು. ನನ್ನ ಒಂದು ಕಾಲು ಇನ್ನೂ ರಸ್ತೆಯ ಮೇಲೇ ಇತ್ತು.

"ಕಾಲು ಒಳಗೆ ಇಟ್ಕೊಳ್ಳಿ ಸುಧಾಕರ್," ಎಂದರು. "ಹೋಗೋಣ."